ಸಂಜೆಯಾಗಲಿ, ಹೋಗುವೆಯಂತೆ

ನಮ್ಮೂರಿನ ಪೇಟೆ ಬೀದಿಯಲ್ಲಿ ಕೊನೆಯ ಅಂಗಡಿಯ ಷಟರ್ ಎಳೆಯುವವರೆಗೆ ಸಂಜೆಯಾಗುವುದಿಲ್ಲ. ಉಳಿದ ಬೀದಿಗಳಿಗೆ ಈ ತೊಂದರೆ ಇಲ್ಲ. ಕೆರೆ ಬೀದಿ, ಕುಂಬಾರಗೇರಿ, ಬಸ್‌ಸ್ಟ್ಯಾಂಡಿನ ಹಿಂಭಾಗ, ಎಲ್ಲ ಕಡೆ ಹೊತ್ತು ತನ್ನ ಪಾಡಿಗೆ ಮುಳುಗುತ್ತದೆ, ದೀಪ ಹತ್ತುತ್ತದೆ, ಜನ ಉಂಡು ಮಲಗುತ್ತಾರೆ. ಪೇಟೆ ಬೀದಿಯ ಸೂರ್ಯ ಮಾತ್ರ ನೀರಿನ ಟ್ಯಾಂಕಿನ ಪಕ್ಕಕ್ಕೆ ಬಂದು ಕೂತನೆಂದರೆ ಕೂತ. ಒಂದೇ ಒಂದು ಅಂಗಡಿ ತೆರೆದಿದ್ದರೂ ಸಾಕು, ಅಲ್ಲಿಂದ ಕದಲುವುದಿಲ್ಲ. ಬೀದಿಯ ತುದಿಯ ಬಾವಿಯ ಹತ್ತಿರ ಒಂದು ಹೆಜ್ಜೆ ಆಚೆ ಇಟ್ಟರೆ ಕತ್ತಲು, ಈಚೆ ಇಟ್ಟರೆ ಇಳಿಬಿಸಿಲು. ಪರೀಕ್ಷೆಗೆ ಓದುವ ಮಕ್ಕಳು ಕರೆಂಟು ಹೋದಾಗ ಪುಸ್ತಕ ಹಿಡಿದು ನಮ್ಮ ಬೀದಿಯ ಕಟ್ಟೆಗಳ ಮೇಲೆ ಬಂದು ಕೂರುತ್ತಾರೆ. ಪರವೂರಿನವರು ಮೊದಲ ಸಲ ಬಂದಾಗ ಬೆರಗಾಗುತ್ತಾರೆ, ಎರಡನೆಯ ಸಲ ದೊಡ್ಡ ಚೀಲ ತರುತ್ತಾರೆ. ಸೀರೆಯ ಬಣ್ಣವನ್ನು ಹಗಲಿನಲ್ಲೇ ನೋಡಬೇಕಲ್ಲ. ನಮ್ಮ ಪೇಟೆಯಲ್ಲಿ ಯಾವಾಗ ಬಂದರೂ ಹಗಲೇ.

ನಾನು ವಾರಿಜಾ. ಮದುವೆಯಾಗಿ ಈ ಊರಿಗೆ ಬಂದ ಕೆಲವೇ ದಿನಕ್ಕೆ ಪೇಟೆ ಬೀದಿಯ ಸೀರೆ ಅಂಗಡಿಗೆ ಕೆಲಸಕ್ಕೆ ಸೇರಿದೆ. ಆಗ ಧಣಿಗಳು ಮುಕುಂದಯ್ಯ. ಅವರ ಕರಾರು ಒಂದೇ ಮಾತಿನದು: ಬೆಳಿಗ್ಗೆ ಬಾ, ಸಂಜೆಯಾದ ಮೇಲೆ ಹೋಗು. ಆ ಕಾಲಕ್ಕೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮುಕುಂದಯ್ಯನವರಿಗೆ ಹಸಿವು ತಡೆಯುವುದು ಆಗುತ್ತಿರಲಿಲ್ಲ. ಹೊಟ್ಟೆ ಚುರುಗುಟ್ಟಿತೆಂದರೆ ಗಿರಾಕಿ ಎದುರಿಗಿದ್ದರೂ, ನಾಳೆ ಬಾರಮ್ಮ, ಸೀರೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ಬಾಗಿಲು ಹಾಕಿಸುತ್ತಿದ್ದರು. ಅಕ್ಕಪಕ್ಕದವರೂ ಅವರನ್ನು ನೋಡಿ ಹಾಕುತ್ತಿದ್ದರು. ಬೀದಿಗೆ ಸಂಜೆ ಇಳಿಯುತ್ತಿತ್ತು. ಅಂಗಡಿಯಲ್ಲಿ ಕೌಂಟರ್ ಇರಲಿಲ್ಲ, ಗೋಡೆಯಿಂದ ಗೋಡೆಗೆ ಬಿಳಿ ಬಟ್ಟೆ ಹೊದಿಸಿದ ಗಾದಿ ಇತ್ತು. ನಾವು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆವು, ಗಿರಾಕಿಗಳೂ ಚಪ್ಪಲಿ ಬಿಟ್ಟು ಎದುರಿಗೆ ಕೂರುತ್ತಿದ್ದರು. ಸೆರಗನ್ನು ಅವರ ಮಡಿಲ ಮೇಲೇ ಹರವಿ ತೋರಿಸುತ್ತಿದ್ದೆವು.

ಮುಕುಂದಯ್ಯ ಹೋದ ಮೇಲೆ ಮಗ ಹೇಮಂತ ಬಂದ. ಅಂಗಡಿ ಮೂರು ಮಹಡಿಯಾಯಿತು, ಮುಂದೆ ಗಾಜು ಬಂತು, ಒಳಗೆ ಎ.ಸಿ. ಬಂತು. ಗಾದಿ ಹೋಗಿ ಸೊಂಟದೆತ್ತರದ ಕೌಂಟರ್‌ಗಳು ಬಂದವು. ಕೂತುಕೊಂಡು ಗಿರಾಕಿಯನ್ನು ಮಾತಾಡಿಸುವುದು ಅವಮರ್ಯಾದೆ ಎಂದು ಹೇಮಂತ ನಮಗೆಲ್ಲ ತಿಳಿಹೇಳಿದ. ಗಿರಾಕಿ ಇಲ್ಲದಾಗಲಾದರೂ ಎಂದು ಯಾರೋ ಕೇಳಿದ್ದಕ್ಕೆ, ಗಾಜಿನ ಹೊರಗಿನಿಂದ ನೋಡುವವರಿಗೆ ಅಂಗಡಿ ತೂಕಡಿಸುವಂತೆ ಕಾಣಬಾರದು ಎಂದ. ಬಾತ್‌ರೂಮು ಮೂರನೆಯ ಮಹಡಿಯಲ್ಲಿ. ಹೋಗಬೇಕಾದರೆ ಮ್ಯಾನೇಜರ್ ಶ್ರೀಪತಿಯನ್ನು ಕೇಳಿಕೊಂಡು ಹೋಗಬೇಕು. ಹಾಗಾಗಿ ನಮ್ಮಲ್ಲಿ ಬಹಳ ಜನ ನೀರು ಕುಡಿಯುವುದನ್ನೇ ಬಿಟ್ಟರು. ಕರಾರು ಮಾತ್ರ ಹಳೆಯದೇ ಉಳಿಯಿತು. ಬೆಳಿಗ್ಗೆ ಬಾ, ಸಂಜೆಯಾದ ಮೇಲೆ ಹೋಗು. ಅಂಗಡಿಯಲ್ಲಿ ಗಡಿಯಾರವಿತ್ತು, ಅದು ಸರಿಯಾಗಿಯೇ ನಡೆಯುತ್ತಿತ್ತು. ಆದರೆ ನಮ್ಮ ಕೆಲಸ ಗಡಿಯಾರದ ಲೆಕ್ಕದ್ದಲ್ಲ, ಸಂಜೆಯ ಲೆಕ್ಕದ್ದು. ಸಂಜೆ ಹೇಮಂತನ ಷಟರ್‌ನ ಲೆಕ್ಕದ್ದು.

ನನ್ನ ಮಗಳು ಕುಸುಮ ಆಗ ಸಣ್ಣವಳು. ಬೆಳಿಗ್ಗೆ ಅಂಗಡಿ ಗುಡಿಸಿ ಒರೆಸಿ ಗೊಂಬೆಗಳಿಗೆ ಸೀರೆ ಉಡಿಸಲು ಬೇಗ ಹೋಗಬೇಕು, ನಾನು ಹೊರಡುವಾಗ ಅವಳು ಮಲಗಿರುತ್ತಿದ್ದಳು. ನಾನು ಬರುವಾಗಲೂ ಮಲಗಿರುತ್ತಿದ್ದಳು. ಅವಳು ಎಷ್ಟು ಬೆಳೆದಳೆಂದು ನಾನು ನೋಡಿದ್ದೆಲ್ಲ ಹಾಸಿಗೆಯ ಮೇಲೆ. ಕಾಲು ಚಾಪೆಯಿಂದಾಚೆ ಬಂದರೆ ದೊಡ್ಡ ಚಾಪೆ ತಂದೆ. ಅವಳ ಮದುವೆಯ ದಿನ ಫೋಟೋಕ್ಕೆಂದು ಪಕ್ಕದಲ್ಲಿ ನಿಂತಾಗ, ಇವಳು ನನಗಿಂತ ಎತ್ತರ ಎನ್ನುವುದು ಗೊತ್ತಾಗಿ ಒಂದು ಥರ ಗಾಬರಿಯಾಯಿತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದು ಜುಲೇಖಾ ಒಬ್ಬಳಿಗೇ.

ಜುಲೇಖಾ ನನ್ನ ಪಕ್ಕದ ಕೌಂಟರಿನವಳು. ಕೆರೆ ಬೀದಿಯಲ್ಲಿ ಮನೆ. ಗಂಡ ದೂರದ ಬಂದರಿನಲ್ಲಿ ದೋಣಿ ಕೆಲಸಕ್ಕೆ ಹೋದವನು, ಮಳೆಗಾಲದಲ್ಲಿ ಮಾತ್ರ ಬರುತ್ತಿದ್ದ. ಮನೆಯಲ್ಲಿ ಅವಳು, ಅವಳ ತಾಯಿ ಖೈರುನ್ನೀಸಾ. ಜುಲೇಖಾಗೆ ಬಣ್ಣದ ವಿಷಯದಲ್ಲಿ ಒಳ್ಳೆಯ ಕಣ್ಣು. ಮದುಮಗಳ ಮುಖ ಒಮ್ಮೆ ನೋಡಿದರೆ ಸಾಕು, ಯಾವ ಸೀರೆ ಒಪ್ಪುತ್ತದೆಂದು ಹೇಳುತ್ತಿದ್ದಳು. ಆದರೆ ಗಿರಾಕಿಗಳು ಕೇಳಬೇಕಲ್ಲ. ರಾಶಿ ರಾಶಿ ತೆಗೆಸಿ, ಎಲ್ಲವನ್ನೂ ಬಿಡಿಸಿ, ಕೊನೆಗೆ ಅವಳು ಮೊದಲು ತೋರಿಸಿದ್ದನ್ನೇ ಕೊಂಡುಹೋಗುತ್ತಿದ್ದರು, ಇಲ್ಲವೇ ಏನೂ ಕೊಳ್ಳದೆ ಹೋಗುತ್ತಿದ್ದರು. ಅವಳು ನಗುತ್ತಲೇ ಮಡಿಸುತ್ತಿದ್ದಳು. ಉಪವಾಸದ ತಿಂಗಳಲ್ಲಿ ಕೆರೆ ಬೀದಿಯ ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಬರುತ್ತಿತ್ತು, ನಮ್ಮ ಬೀದಿಯಲ್ಲಿ ಬಿಸಿಲು ಇನ್ನೂ ಗಾಜಿಗೆ ಬಡಿಯುತ್ತಿರುತ್ತಿತ್ತು. ಕೌಂಟರಿನ ಕೆಳಗೆ ಬಗ್ಗಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಮತ್ತೆ ಎದ್ದು ನಿಲ್ಲುತ್ತಿದ್ದಳು. ನಾನು ಆ ಹೊತ್ತಿಗೆ ಸರಿಯಾಗಿ ಒಂದು ಸೀರೆ ಬಿಡಿಸಿ ಅಡ್ಡ ಹಿಡಿಯುತ್ತಿದ್ದೆ.

ಅವಳು ಹೆರಿಗೆ ಮುಗಿಸಿ ಕೆಲಸಕ್ಕೆ ಬಂದಾಗ ಮೈ ಇನ್ನೂ ಕೂಡಿರಲಿಲ್ಲ. ಇನ್ನೂ ಸ್ವಲ್ಪ ದಿನ ಬಿಟ್ಟು ಬರುವೆನೆಂದು ಹೇಳಿಕಳಿಸಿದ್ದಕ್ಕೆ, ಹಾಗಾದರೆ ಆ ಕೌಂಟರಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂಬ ಉತ್ತರ ಹೋಗಿತ್ತು. ಹೆಣ್ಣುಮಗು, ಹೆಸರು ಮೆಹರ್. ಬಾಟಲಿಯ ಹಾಲು ಬಾಯಿಗಿಟ್ಟರೆ ತಿರುಗಿ ನೋಡುತ್ತಿರಲಿಲ್ಲವಂತೆ. ಅಜ್ಜಿ ಹತ್ತಿ ಅದ್ದಿ ತೊಟ್ಟುತೊಟ್ಟಾಗಿ ಕುಡಿಸುತ್ತಿದ್ದರು. ಇಲ್ಲಿ ತಾಯಿಯ ರವಿಕೆ ನೆನೆಯುತ್ತಿತ್ತು. ಮೊದಲ ವಾರವೇ ಶ್ರೀಪತಿ ಅವಳನ್ನು ಗೋಡೆಯ ಕಡೆಯ ಕೌಂಟರಿಗೆ ಹಾಕಿದ. ರವಿಕೆಯ ಕಲೆ ಕಂಡರೆ ಗಿರಾಕಿಗಳಿಗೆ ಹೇಗೋ ಆಗುತ್ತದೆ ಎಂದು ನನ್ನ ಹತ್ತಿರ ಹೇಳಿದ. ಅವಳ ಹತ್ತಿರ ಹೇಳಲು ನಾಚಿಕೆಯಂತೆ.

ಮನೆ ಅಲ್ಲೇ ಇದೆ, ಓಡಿಹೋಗಿ ಕುಡಿಸಿ ಬರುತ್ತೇನೆ ಎಂದು ಅವಳು ದಿನಾ ಕೇಳುತ್ತಿದ್ದಳು. ದಿನಾ ಅವನದು ಒಂದೇ ಮಾತು: "ಸಂಜೆಯಾಗಲಿ, ಹೋಗುವೆಯಂತೆ." ಅವನು ಅದನ್ನು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಶ್ರೀಪತಿ ಕೆಟ್ಟವನೆಂದು ನಾನು ಹೇಳಲಾರೆ. ಅವನೂ ನಮ್ಮ ಹಾಗೆ ಬೆಳಗಿನಿಂದ ನಿಂತವನೇ. ಸೊಂಟಕ್ಕೆ ಅಂಗಿಯ ಒಳಗೆ ಬೆಲ್ಟ್ ಕಟ್ಟಿಕೊಂಡಿರುತ್ತಿದ್ದ. ಅವನಿಗೂ ಕುರ್ಚಿ ಇರಲಿಲ್ಲ.

ಆ ವರ್ಷ ಮದುವೆಯ ತಿಂಗಳುಗಳು ಬಂದಾಗ ಹೇಮಂತ ಹೊಸದೊಂದು ಯೋಚನೆ ಮಾಡಿದ. ಬೀದಿಯುದ್ದಕ್ಕೂ ಬ್ಯಾನರ್ ಕಟ್ಟಿಸಿದ. ಹೊತ್ತು ಮುಳುಗದ ಮಾರಾಟ ಎಂದು ಅದರ ಹೆಸರು. ಮಾರಾಟ ಮುಗಿಯುವವರೆಗೆ ಷಟರ್ ಎಳೆಯುವುದೇ ಇಲ್ಲ. ಕೆಲಸದವರು ಮೂರನೆಯ ಮಹಡಿಯ ಗೋಡೌನಿನಲ್ಲಿ ಸರದಿಯ ಮೇಲೆ ಮಲಗಿ ಏಳಬಹುದು, ಊಟ ಅಂಗಡಿಯದೇ. ಮನೆಗೆ ಹೋಗುವುದಾದರೆ ಸಂಜೆಯಾದ ಮೇಲೆ ತಾನೇ ಹೋಗಬೇಕು, ಸಂಜೆಯಾದರೆ ಹೋಗಿ ಎಂದು ಹೇಳಿ ಹೇಮಂತ ನಕ್ಕ. ನಮ್ಮಲ್ಲಿ ಕೆಲವರೂ ನಕ್ಕರು. ಧಣಿ ನಗುವಾಗ ನಗದೆ ಇರುವುದು ಕಷ್ಟ. ಜುಲೇಖಾ ತನ್ನನ್ನು ಬಿಟ್ಟುಬಿಡಿ ಎಂದು ಕೇಳಲು ಮೇಲೆ ಆಫೀಸಿಗೆ ಹೋದಳು. ಹೋದವಳು ಬೇಗನೆ ಇಳಿದು ಬಂದು ಸೀರೆ ಜೋಡಿಸತೊಡಗಿದಳು. ಏನಂದರು ಎಂದು ನಾನು ಕೇಳಲಿಲ್ಲ.

ಮೊದಮೊದಲು ಬೀದಿಯ ಬೇರೆ ಅಂಗಡಿಗಳೂ ಪೈಪೋಟಿಗೆ ಬಿದ್ದು ಬಾಗಿಲು ತೆರೆದೇ ಇಟ್ಟವು. ಆದರೆ ಜನವೆಲ್ಲ ನಮ್ಮಲ್ಲಿಗೇ ನುಗ್ಗುತ್ತಿದ್ದರು. ಪಾತ್ರೆ ಅಂಗಡಿಯವರು ಮೊದಲು ಮುಚ್ಚಿದರು, ಆಮೇಲೆ ಚಪ್ಪಲಿಯವರು, ಬಳೆಯವರು, ಕೊನೆಗೆ ಎದುರಿನ ರೆಡಿಮೇಡ್‌ನವರು. ಉಳಿದದ್ದು ನಮ್ಮದೊಂದೇ. ಮುಚ್ಚಿದ ಅಂಗಡಿಗಳ ಮೇಲೆಲ್ಲ ನಮ್ಮ ಒಂದು ಅಂಗಡಿಯ ದೆಸೆಯಿಂದ ಆ ಹಳದಿ ಬಿಸಿಲು ಬಿದ್ದುಕೊಂಡಿತ್ತು. ಬೇವಿನ ಮರದ ಎಲೆಗಳು ಮುದುಡಿದವು. ನಾವು ಗೋಡೌನಿನಲ್ಲಿ ಸೀರೆಯ ಗಂಟುಗಳ ಮೇಲೆ ಅಡ್ಡಾಗುತ್ತಿದ್ದೆವು. ಕಣ್ಣು ಮುಚ್ಚಿದರೂ ಕಿಟಕಿಯ ಬೆಳಕು ರೆಪ್ಪೆಯ ಒಳಗೇ ಬರುತ್ತಿತ್ತು. ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಯಾರಾದರೂ ಬಂದು ಭುಜ ಅಲ್ಲಾಡಿಸಿ ಎಬ್ಬಿಸುತ್ತಿದ್ದರು. ಇವತ್ತು ಯಾವ ವಾರ ಎಂದು ಲೋಕಮ್ಮ ಕೇಳಿದಳು. ಮಕ್ಕಳ ಬಟ್ಟೆಯ ವಿಭಾಗದ ಲೋಕಮ್ಮ ಎಂದರೆ ಊರಿನ ಎಲ್ಲ ಹಬ್ಬಹರಿದಿನ ಬಾಯಿಪಾಠ ಇದ್ದವಳು. ಅವಳಿಗೇ ವಾರ ತಪ್ಪಿತ್ತು.

ಜುಲೇಖಾ ಬಾತ್‌ರೂಮಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಅದಕ್ಕೂ ಶ್ರೀಪತಿಯನ್ನು ಕೇಳಬೇಕು. ಪದೇ ಪದೇ ಕೇಳಲಾರದೆ ತಡೆದುಕೊಂಡಳು. ಅದು ಗಟ್ಟಿ ಕಟ್ಟಿತು. ಒಂದು ಹೊತ್ತಿನಲ್ಲಿ ಅವಳ ಕೈಯಿಂದ ಸೀರೆ ಇಸಿದುಕೊಳ್ಳುವಾಗ ಬೆರಳು ಮುಟ್ಟಿದರೆ ಬೆರಳು ಸುಡುತ್ತಿತ್ತು. ಎದೆ ಕಲ್ಲಾಗಿದೆ ಅಕ್ಕ ಎಂದು ಮೆಲ್ಲಗೆ ಹೇಳಿದಳು. ಎದುರಿಗೆ ಮದುವೆಯ ಗುಂಪೊಂದು ಧಾರೆ ಸೀರೆ ನೋಡುತ್ತಿತ್ತು. ಹುಡುಗಿಯ ತಾಯಿ ಅಂಚು ಇನ್ನೂ ಅಗಲ ಬೇಕೆಂದು ಹೇಳುತ್ತಿದ್ದಳು. ಜುಲೇಖಾ ಏಣಿ ಹತ್ತಿ ಅಗಲ ಅಂಚಿನದು ತೆಗೆದುಕೊಟ್ಟಳು.

ಆಗಲೇ ಗಾಜಿನ ಹೊರಗೆ ಖೈರುನ್ನೀಸಾ ಕಂಡದ್ದು. ಕಂಕುಳಲ್ಲಿ ಮಗು. ಬಾಗಿಲಿನ ವಾಚ್‌ಮನ್ ಮಾದಪ್ಪ ಅವರಿಗೆ ಕೈಯಾಡಿಸಿ ಏನೋ ಹೇಳುತ್ತಿದ್ದ. ಕೆಲಸದವರ ಮನೆಯವರು ಮುಂಬಾಗಿಲಿನಿಂದ ಬರುವಂತಿಲ್ಲ, ಮಾರಾಟದ ಹೊತ್ತಿನಲ್ಲಿ ಹಿಂಬಾಗಿಲು ತೆರೆಯುವಂತಿಲ್ಲ. ಪಾಪ, ಅವನಿಗೆ ಹೇಳಿದ್ದನ್ನು ಅವನು ಹೇಳುತ್ತಿದ್ದ. ಗಾಜು ದಪ್ಪ, ಒಳಗೆ ಹಾಡು ಹಾಕಿದ್ದರು. ಮಗು ಅಳುವುದು ಕೇಳುತ್ತಿರಲಿಲ್ಲ, ಬಾಯಿ ತೆರೆದು ಮುಖ ಕೆಂಪಾಗಿರುವುದು ಮಾತ್ರ ಕಾಣುತ್ತಿತ್ತು. ಜುಲೇಖಾಗೆ ಅಷ್ಟು ಸಾಕಾಯಿತು. ನಾನು ನೋಡುತ್ತಿದ್ದಂತೆಯೇ ಅವಳ ರವಿಕೆಯ ಮುಂಭಾಗ ಒದ್ದೆಯಾಯಿತು. ಅವಳು ಶ್ರೀಪತಿಯ ಹತ್ತಿರ ಹೋಗಿ ಕೇಳಿದಳು. ಈ ಗುಂಪನ್ನು ಬಿಟ್ಟು ಹೇಗೆ ಹೋಗುತ್ತೀಯ, ದೊಡ್ಡ ಗಿರಾಕಿ ಎಂದ. ಅವಳು ಮತ್ತೆ ಕೇಳಿದಳು. ಅವನು ಟ್ಯಾಂಕಿನ ಕಡೆ ನೋಡಿ, ಅಭ್ಯಾಸದ ಮೇಲೆ, ಸಂಜೆಯಾಗಲಿ ಎಂದ. ಅಂದ ಮೇಲೆ ತಾನೇ ಮುಖ ತಿರುಗಿಸಿಕೊಂಡ.

ನಾನು ಕೌಂಟರಿನಿಂದ ಆಚೆ ಬಂದು ಬಾಗಿಲಿನ ಹತ್ತಿರ ಹೋದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಗಾಜಿನ ಬಾಗಿಲು ಎಳೆದಾಗ ಬಿಸಿಗಾಳಿಯೂ ಮಗುವಿನ ಅಳುವೂ ಒಟ್ಟಿಗೆ ಒಳಗೆ ಬಂದವು. ಅಂಗಡಿಯಲ್ಲಿ ಕಲಿಸಿಕೊಟ್ಟ ಹಾಗೆಯೇ ಎರಡೂ ಕೈ ಜೋಡಿಸಿ ಹೇಳಿದೆ, "ಬನ್ನಿ ಅಮ್ಮ, ಒಳಗೆ ಬನ್ನಿ. ಯಾವ ಸೀರೆ ತೋರಿಸಲಿ?"

ಖೈರುನ್ನೀಸಾ ನನ್ನ ಮುಖ ನೋಡಿದರು. ಮಾದಪ್ಪನ ಮುಖ ನೋಡಿದರು. ಸೀರೆ ಕೊಳ್ಳಲು ಬಂದವರನ್ನು ತಡೆಯಲು ಅವನಿಗೆ ಹೇಳಿರಲಿಲ್ಲ.

"ಯಾವುದಾದರೂ ತೋರಿಸಮ್ಮ," ಎಂದರು ಅವರು. "ಸ್ವಲ್ಪ ಬೇಗ ತೋರಿಸು."

ಅವರನ್ನು ನೇರ ಜುಲೇಖಾಳ ಕೌಂಟರಿಗೆ ಕರೆದುಕೊಂಡು ಹೋದೆ. ಮಗು ಕೌಂಟರಿನ ಮೇಲಿನಿಂದ ಆಚೆ ದಾಟಿತು. ಕೌಂಟರಿಗೂ ಹಿಂದಿನ ಕಪಾಟಿಗೂ ನಡುವೆ ಒಬ್ಬರು ಕೂರುವಷ್ಟೇ ಜಾಗ. ಜುಲೇಖಾ ಅಲ್ಲಿ ನೆಲದ ಮೇಲೆ ಕೂತಳು, ಬೆನ್ನನ್ನು ಕಪಾಟಿಗೆ ಒರಗಿಸಿದಳು. ಮಗು ಬಾಯಿ ಹಾಕಿದ ಕೂಡಲೇ ಅವಳು ನೋವಿಗೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಆಮೇಲೆ ಮೆಲ್ಲಗೆ ಉಸಿರು ಬಿಟ್ಟಳು. ನಾನು ಕೈಗೆ ಸಿಕ್ಕ ಸೀರೆ ತೆಗೆದು ಬಿಡಿಸಿ ಒಂದು ತುದಿ ಹಿಡಿದೆ. ಇನ್ನೊಂದು ತುದಿಗೆ ಯಾರಿದ್ದಾರೆಂದು ತಿರುಗಿದರೆ ಲೋಕಮ್ಮ ಬಂದು ಹಿಡಿದಿದ್ದಳು. ಇನ್ನೊಂದು ಕಡೆಯಿಂದಲೂ ಕಾಣುತ್ತದೆ ಎಂದು ಇನ್ನಿಬ್ಬರು ಮತ್ತೊಂದು ಸೀರೆ ತಂದರು. ಖೈರುನ್ನೀಸಾ ಕೌಂಟರಿನ ಈಚೆ ನಿಂತು, ಸೀರೆಯ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. ನಿಜವಾಗಿಯೂ ನೋಡುತ್ತಿದ್ದರು. ಚೆನ್ನಾಗಿದೆ ಎಂದು ಹೇಳಿದರು.

ಮದುವೆಯ ಗುಂಪಿನ ತಾಯಿ ಶ್ರೀಪತಿಯನ್ನು ಕರೆದು, ಇದೇನು ನಿಮ್ಮ ಅಂಗಡಿಯಲ್ಲಿ ಎಂದು ಕೇಳಿದಳು. ಅವನು ಓಡಿ ಬಂದ. ಸೀರೆಯ ಮೇಲಿನಿಂದ ಇಣುಕಿ, ಕೂಡಲೇ ಹಿಂದೆ ಸರಿದು, ನೆಲ ನೋಡುತ್ತ ಮಾತಾಡಿದ.

"ಏಳಮ್ಮ, ಮೇಲೇಳು. ಗಿರಾಕಿಗಳಿದ್ದಾರೆ."

"ಮಗು ಕುಡಿಯುತ್ತಿದೆ ಸರ್," ಎಂದಳು ಜುಲೇಖಾ ಒಳಗಿನಿಂದ. "ಅದು ಬಿಟ್ಟ ಮೇಲೆ ಏಳುತ್ತೇನೆ."

ಅವನು ನಮ್ಮ ಕಡೆ ತಿರುಗಿ, ಸೀರೆ ಮಡಿಸಿ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ಎಂದ. ಯಾರೂ ಕದಲದಿದ್ದಾಗ ನನ್ನ ಕೈಯಲ್ಲಿದ್ದ ತುದಿಯನ್ನು ತೆಗೆದುಕೊಳ್ಳಲು ಕೈ ಚಾಚಿದ. ಆಗ ನಾನು ಕೂತೆ. ಅದನ್ನು ಧೈರ್ಯ ಎಂದು ಆಮೇಲೆ ಬಹಳ ಜನ ಹೇಳಿದರು. ಅಷ್ಟು ಹೊತ್ತು ನಿಂತ ಮಂಡಿ ಮಡಚಿತು, ಅಷ್ಟೇ. ಆದರೆ ಕೂತ ಮೇಲೆ, ಇನ್ನು ಏಳುವುದಿಲ್ಲ ಅಂದುಕೊಂಡೆ. ಅದು ಮಾತ್ರ ನಾನು ಮಾಡಿದ್ದು. ಸೀರೆಯ ತುದಿ ಕೈಯಲ್ಲೇ ಇತ್ತು. ಲೋಕಮ್ಮನೂ ಕೂತಳು. ಅವಳ ಹಿಂದೆ ಪ್ಯಾಕಿಂಗಿನವರು, ಆಮೇಲೆ ಮೆಟ್ಟಿಲ ಹತ್ತಿರದವರು. ಮೇಲಿನ ಮಹಡಿಯ ಹುಡುಗಿಯರು ಕಟಾಂಜನದಿಂದ ಬಗ್ಗಿ ನೋಡಿ, ಅಲ್ಲಲ್ಲೇ ಕೂತರಂತೆ. ಯಾರೂ ಘೋಷಣೆ ಕೂಗಲಿಲ್ಲ. ಕೂತ ಕೂಡಲೇ ಒಬ್ಬಳು ಗೋಡೆಗೊರಗಿ ನಿದ್ದೆಹೋದಳು.

ಗಿರಾಕಿಗಳಲ್ಲಿ ಕೆಲವರು ಸಿಟ್ಟಾಗಿ ಹೊರಟುಹೋದರು. ಒಬ್ಬಾಕೆ ಮೊಬೈಲ್ ಎತ್ತಿ ನಮ್ಮೆಲ್ಲರ ಚಿತ್ರ ಹಿಡಿದುಕೊಂಡಳು. ಇನ್ನೊಬ್ಬ ವಯಸ್ಸಾದ ಹೆಂಗಸು ನಮ್ಮನ್ನು ನೋಡಿ, ನನ್ನ ಕಾಲೂ ಸೋತಿದೆ ಕಣ್ರೇ ಎಂದು ತಾನೂ ಕೆಳಗೆ ಕೂತು, ದಿನಾ ಉಡಲು ಒಂದು ನೂಲಿನ ಸೀರೆ ತೋರಿಸು ಎಂದಳು. ನಾನು ಕೂತಲ್ಲಿಂದಲೇ ಕೆಳಗಿನ ಅರೆಯ ಸೀರೆ ಎಳೆದು ಅವಳ ಮಡಿಲ ಮೇಲೆ ಹರವಿದೆ.

ಹೇಮಂತ ಬಂದಾಗ ಗಾಜಿನ ಹೊರಗೆ ಜನ ಸೇರಿದ್ದರು. ಅವನು ಕೂಗಾಡುವವನಲ್ಲ. ನನ್ನ ಮುಂದೆ ಬಂದು, ಕೈ ಕಟ್ಟಿ ನಿಂತು ಹೇಳಿದ, "ವಾರಿಜಕ್ಕ, ನೀವು ಅಪ್ಪನ ಕಾಲದವರು. ನೀವೇ ಹೀಗೆ ಮಾಡಿದರೆ ಹೇಗೆ?"

"ಅಪ್ಪನ ಕಾಲದಲ್ಲಿ ನಾನು ಕೂತೇ ಸೀರೆ ತೋರಿಸುತ್ತಿದ್ದೆ," ಎಂದೆ.

ಅವನು ಕಟ್ಟಿದ ಕೈ ಬಿಚ್ಚಿ, ಕೂತವರನ್ನೆಲ್ಲ ಒಮ್ಮೆ ನೋಡಿದ. ಆಮೇಲೆ, ಈಗ ಎದ್ದು ನಿಂತರೆ ಏನೂ ನಡೆದೇ ಇಲ್ಲವೆಂದು ತಿಳಿದುಕೊಳ್ಳುತ್ತೇನೆ, ನಿಲ್ಲಲು ಆಗದವರು ಹೋಗಬಹುದು, ಯಾರನ್ನೂ ಹಿಡಿದಿಟ್ಟುಕೊಂಡಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಸೀರೆಯ ಹಿಂದಿನಿಂದ ಮಗು ಚಪ್ಪರಿಸುವ ಸದ್ದು ಬರುತ್ತಿತ್ತು. ಯಾರೂ ಏಳಲಿಲ್ಲ. ಹೊರಗಿನ ಜನ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದರು, ಬಹಳ ಕೈಗಳಲ್ಲಿ ಮೊಬೈಲ್ ಇತ್ತು. ಹೇಮಂತ ಅದನ್ನು ನೋಡಿದ. ಮೊದಲ ಸಲ ಅವನ ದನಿ ಏರಿತು. ಉಳಿದ ಗಿರಾಕಿಗಳನ್ನು ಹೊರಗೆ ಕಳಿಸಲು ಹೇಳಿದ. ಆಮೇಲೆ ಮಾದಪ್ಪನನ್ನು ಕರೆದು, ಇವರು ಬೀದಿಗೆ ಕಾಣಬಾರದು, ಷಟರ್ ಎಳೆ ಎಂದ.

ಶ್ರೀಪತಿ ಪಕ್ಕದಲ್ಲೇ ಇದ್ದ. ಅವನಿಗೆ ಆ ಕ್ಷಣವೇ ಹೊಳೆಯಿತು, ಅದು ನನಗೆ ಅವನ ಮುಖದಲ್ಲಿ ಕಂಡಿತು. ಧಣಿಯ ಕಡೆ ತಿರುಗಿದ, ಬಾಯಿ ತೆರೆದ. ಒಮ್ಮೆ ನನ್ನನ್ನು ನೋಡಿದ. ಮತ್ತೆ ಬಾಯಿ ಮುಚ್ಚಿಕೊಂಡು ಸೊಂಟದ ಬೆಲ್ಟನ್ನು ಸರಿಮಾಡಿಕೊಂಡ.

ಷಟರ್ ತುಂಬ ದಿನದಿಂದ ಇಳಿಯದೆ ಬಿಗಿದುಕೊಂಡಿತ್ತು. ಮಾದಪ್ಪ ಜೋತುಬಿದ್ದು ಎಳೆಯಬೇಕಾಯಿತು. ಅದು ಕರಕರ ಅನ್ನುತ್ತ ನೆಲ ಮುಟ್ಟಿತು. ಕೆಳಗಿನ ಸಂದಿಯಲ್ಲಿ ಉಳಿದಿದ್ದ ಬೆಳಕಿನ ಗೆರೆ ಕೆಂಪಾಯಿತು, ಬೂದಿಯಾಯಿತು, ಆಮೇಲೆ ಇಲ್ಲವಾಯಿತು. ಹೊರಗೆ ಗಾಳಿ ಬಂತು, ಬೇವಿನ ಮರ ಅಲ್ಲಾಡಿದ್ದು ಕೇಳಿಸಿತು.

"ಸಂಜೆಯಾಯಿತು," ಎಂದಳು ಲೋಕಮ್ಮ.

ಮಗು ಕುಡಿದು ಮುಗಿಸಿತ್ತು. ನಾವು ಒಬ್ಬರನ್ನೊಬ್ಬರು ಹಿಡಿದೆತ್ತಿದೆವು. ನಿದ್ದೆಹೋದವಳನ್ನು ಎಬ್ಬಿಸಿದೆವು. ಹರವಿದ ಸೀರೆಗಳನ್ನು ಮಡಿಸಿ ಒಳಗಿಟ್ಟೆವು, ಏಕೆಂದರೆ ಅದು ನಮ್ಮ ಕೆಲಸ. ಚೀಲ ತೆಗೆದುಕೊಂಡು ಹಿಂಬಾಗಿಲಿನ ಕಡೆ ನಡೆದೆವು. ಹೇಮಂತ ಅಂಗಡಿಯ ನಡುವೆ ನಿಂತೇ ಇದ್ದ. ಬೆಳಿಗ್ಗೆ ಬಾ, ಸಂಜೆಯಾದ ಮೇಲೆ ಹೋಗು ಎನ್ನುವುದು ಅವನ ತಂದೆಯ ಮಾತು, ಅವನೂ ಎಷ್ಟೋ ಸಲ ಹೇಳಿದ ಮಾತು. ನಮ್ಮನ್ನು ತಡೆಯಲು ಅವನಿಗೆ ಬೇರೆ ಮಾತು ಸಿಗಲಿಲ್ಲ. ನಾನು ಹಿಂತಿರುಗಿ ನೋಡಿದಾಗ ಶ್ರೀಪತಿ ಮೆಟ್ಟಿಲ ಮೇಲೆ ಕೂತಿದ್ದ, ತಲೆಯನ್ನು ಕೈಯಲ್ಲಿ ಹಿಡಿದುಕೊಂಡು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನ ನಾವೆಲ್ಲ ಬಂದೆವು. ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು, ಜುಲೇಖಾಳನ್ನು ಬಿಡಲಿಲ್ಲ. ಅದು ತಿಳಿದು ಒಳಗೆ ಹೋದವರೂ ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಆ ಮೊಬೈಲಿನ ಚಿತ್ರಗಳು ಊರೆಲ್ಲ ಓಡಾಡಿದವು. ಎದುರಿನ ಅಂಗಡಿಯ ಹುಡುಗಿಯರು ಕದ್ದು ಚಹಾ ತಂದುಕೊಟ್ಟರು. ಕಾರ್ಮಿಕ ಇಲಾಖೆಯವರು ಒಬ್ಬರು ಬಂದು, ನಮ್ಮನ್ನು ದಾಟಿ ಒಳಗೆ ಹೋಗಿ, ಕಾಫಿ ಕುಡಿದು ಹೊರಗೆ ಬಂದು, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಹೋದರು. ದಿನಗಳೆದಂತೆ ಮೆಟ್ಟಿಲ ಮೇಲೆ ನಾವು ಕಡಿಮೆಯಾದೆವು. ಗುಡ್ಡದಾಚೆಯ ಹಳ್ಳಿಗಳಿಂದ ಹೊಸ ಹುಡುಗಿಯರನ್ನು ಕರೆತಂದರು. ಅವರು ನಮ್ಮ ನಡುವೆ ಜಾಗ ಮಾಡಿಕೊಂಡು ಹತ್ತಿ ಒಳಗೆ ಹೋಗುವಾಗ, ತಪ್ಪು ತಿಳಿಯಬೇಡಿ ಅಕ್ಕ ಎನ್ನುತ್ತಿದ್ದರು. ನಾವು ಕಾಲು ಮಡಚಿ ದಾರಿ ಬಿಡುತ್ತಿದ್ದೆವು.

ಕೊನೆಗೆ ಹೇಮಂತ ರಾಜಿಗೆ ಬಂದ. ಪ್ರತಿ ಕೌಂಟರಿನ ಹಿಂದೆ ಒಂದು ಸ್ಟೂಲ್. ಗಿರಾಕಿ ಇಲ್ಲದಾಗ ಕೂರಬಹುದು. ಪುರಸಭೆಯ ಸಂಜೆಯ ಸೈರನ್ ಕೂಗಿದ ಕೂಡಲೇ ಷಟರ್ ಎಳೆಯುವುದು. ಎಲ್ಲರಿಗೂ ಕೆಲಸ ವಾಪಸ್ಸು, ಜುಲೇಖಾ ಒಬ್ಬಳನ್ನು ಬಿಟ್ಟು. ಅದರಲ್ಲಿ ಅವನು ಸಡಿಲಲಿಲ್ಲ. ಒಬ್ಬರಾದರೂ ಹೋಗದಿದ್ದರೆ ನಾಳೆ ಅಂಗಡಿ ಯಾರದ್ದು ಎಂದ.

ನಾವು ಕೆರೆ ಬೀದಿಗೆ ಹೋಗಿ ಅವಳ ಮನೆಯ ಬಾಗಿಲಲ್ಲಿ ನಿಂತೆವು. ಹೇಗೆ ಹೇಳುವುದೆಂದು ಯಾರಿಗೂ ತಿಳಿಯಲಿಲ್ಲ. ಅವಳಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮಗುವನ್ನು ಭುಜಕ್ಕೆ ಹಾಕಿ ಬೆನ್ನು ತಟ್ಟುತ್ತ ಹೊರಗೆ ಬಂದಳು.

"ನೀವು ಬಿಸಿಲಲ್ಲಿ ಕೂತರೆ ನನಗೆ ಅನ್ನ ಹುಟ್ಟುತ್ತದೆಯೇ ಅಕ್ಕ?" ಎಂದಳು. "ಹೋಗಿ. ಸ್ಟೂಲ್ ತೊಗೊಳ್ಳಿ. ನನ್ನದೂ ಒಂದು ಇದ್ದರೆ ಅದನ್ನೂ ತೊಗೊಳ್ಳಿ."

ಕೊನೆಯ ಮಾತಿನಲ್ಲಿ ಕಹಿ ಇತ್ತು. ಇರಬಾರದೆಂದು ನಾನು ಹೇಗೆ ಹೇಳಲಿ? ನಮಗೆ ನಾಚಿಕೆಯಾಯಿತು. ಮನೆಗೆ ಹೋಗುವ ದಾರಿಯಲ್ಲಿ ಹಗುರವೂ ಆಯಿತು, ಅದಕ್ಕೆ ಮತ್ತೆ ನಾಚಿಕೆಯಾಯಿತು. ಎರಡನ್ನೂ ಹೊತ್ತುಕೊಂಡು ಬೆಳಿಗ್ಗೆ ಕೆಲಸಕ್ಕೆ ಹೋದೆವು.

ಸ್ಟೂಲುಗಳು ಕಬ್ಬಿಣದವು, ಬೆನ್ನಿಲ್ಲ. ಕೂತರೆ ಕೌಂಟರಿನ ಆಚೆಯಿಂದ ತಲೆಯೂ ಕಾಣದಷ್ಟು ತಗ್ಗು. ಬಾಗಿಲು ಕಿರ್ ಎಂದರೆ ಏಳಬೇಕು, ದಿನವೆಲ್ಲ ಕಿರ್ ಎನ್ನುತ್ತಲೇ ಇರುತ್ತದೆ. ಆದರೂ ಸ್ಟೂಲ್ ಸ್ಟೂಲೇ. ಸೈರನ್ ಕೂಗಿದರೆ ಷಟರ್ ಇಳಿಯುತ್ತದೆ, ಪೇಟೆ ಬೀದಿಗೆ ಸಂಜೆ ಬರುತ್ತದೆ, ಮಕ್ಕಳಿರುವವರು ಓಡುತ್ತಾರೆ. ಮದುವೆಯ ತಿಂಗಳುಗಳಲ್ಲಿ ಮಾತ್ರ ಪುರಸಭೆಯ ಸೈರನ್ ಕೆಡುತ್ತದೆ. ರಿಪೇರಿಗೆ ಹೇಳಿದ್ದೇವೆ ಎನ್ನುತ್ತಾರೆ.

ಜುಲೇಖಾ ಈಗ ಮನೆಯಲ್ಲೇ ಸೀರೆಗೆ ಫಾಲ್ ಹೊಲಿಯುತ್ತಾಳೆ, ಅಂಚಿಗೆ ಪಿಕೋ ಮಾಡುತ್ತಾಳೆ. ನಮ್ಮಲ್ಲಿ ಸೀರೆ ಕೊಂಡವರಿಗೆ ಅವಳ ಮನೆಯ ದಾರಿಯನ್ನು ನಾವೇ ಮೆಲ್ಲಗೆ ಹೇಳಿಕಳಿಸುತ್ತೇವೆ. ಸಾಲುವಷ್ಟು ಕೆಲಸ ಇರುವುದಿಲ್ಲ, ಹಾಗೆಂದು ಅವಳು ಹೇಳುವುದಿಲ್ಲ. ಬಹಳ ದಿನ ನಾನು ಆ ಕಡೆ ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ. ಕಳೆದ ಅಮಾವಾಸ್ಯೆಯ ರಜೆಗೆ ಹೋದೆ. ಮೆಹರ್ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು, ನನ್ನನ್ನು ಕಂಡು ತಾಯಿಯ ಹಿಂದೆ ಅಡಗಿದಳು. ಜುಲೇಖಾ ಮಷಿನ್ ನಿಲ್ಲಿಸಿ ನನ್ನ ಕಾಲು ನೋಡಿದಳು. ಚಪ್ಪಲಿಯ ಪಟ್ಟಿ ಊದಿದ ಪಾದದಲ್ಲಿ ಹೂತಿತ್ತು.

"ಕೂರಲು ಬಿಡುತ್ತಾರಾ?" ಎಂದು ಕೇಳಿದಳು.

"ಬಿಡುತ್ತಾರೆ."

"ಕೂರುತ್ತೀರಾ?"

ನಾನು ಪಾದವನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡೆ. ಅವಳು ಒಳಗೆ ಹೋಗಿ ಬಕೆಟ್ಟಿನಲ್ಲಿ ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ತಂದಳು. ನನ್ನನ್ನು ಗೋಡೆಗೊರಗಿಸಿ ಕೂರಿಸಿ, ಬೇಡವೆಂದರೂ ಕೇಳದೆ ನನ್ನ ಕಾಲುಗಳನ್ನು ಅದರಲ್ಲಿ ಇಳಿಬಿಟ್ಟಳು. ಖೈರುನ್ನೀಸಾ ಅಡುಗೆಮನೆಯಲ್ಲಿ ಏನೋ ಹುರಿಯುತ್ತಿದ್ದರು. ಮಷಿನ್ ಮತ್ತೆ ಶುರುವಾಯಿತು. ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು, ತನ್ನ ಪಾಡಿಗೆ, ಯಾರನ್ನೂ ಕೇಳದೆ. ಅದು ಮುಳುಗುವುದನ್ನು ನೋಡಬೇಕೆಂದುಕೊಂಡಿದ್ದೆ. ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ.

ಎಚ್ಚರವಾದಾಗ ಕತ್ತಲಾಗಿತ್ತು. ಕಾಲು ಒರೆಸಿ, ಮೇಲೆ ಯಾರೋ ಹೊದಿಕೆ ಹೊದಿಸಿದ್ದರು. ಮೆಹರ್ ನನ್ನ ಪಕ್ಕದಲ್ಲೇ ಮಲಗಿ ನಿದ್ದೆಹೋಗಿದ್ದಳು. ನನ್ನನ್ನು ಯಾರೂ ಎಬ್ಬಿಸಿರಲಿಲ್ಲ.